ಇಲ್ಲ ಎಂದು ಬಂದವರು

ದೋಣಿ ನನ್ನದು, ಲೆಕ್ಕ ಅವಳದು.
ಜೂನ್ ಬಂತೆಂದರೆ ನಮ್ಮಲ್ಲಿ ಕಡುಚಳಿ.
ಚಿಲೋಯೆಯ ಈ ಪುಟ್ಟ ದ್ವೀಪಗಳ ನಡುವೆ
ಮಂಗಳವಾರ, ಶುಕ್ರವಾರ
ಒಂದು ನೀಲಿ ಐಸ್ ಪೆಟ್ಟಿಗೆ ಹೊತ್ತು
ಹೋಗುತ್ತೇನೆ, ಬರುತ್ತೇನೆ.
ಪೆಟ್ಟಿಗೆಯಲ್ಲಿ ಊರವರ ಮೂಗು, ಗಂಟಲು,
ಕಡ್ಡಿಯ ತುದಿಗೆ ಅಂಟಿದಷ್ಟು.

ಮೊದಲ ವರ್ಷ ಯಾರೂ ಬಾಗಿಲು ತೆರೆಯಲಿಲ್ಲ.
"ಕೆಮ್ಮು ನನ್ನದು, ಇವಳಿಗೇನು ಕೆಲಸ?" ಅಂದಳು
ಕಡಲಪಾಚಿ ಒಣಗಿಸುವ ರೊಸಾಲ್ಬಾ.
ಡಾಕ್ಟರ್ ಯೊಲಾಂದಾ ಕಾರ್ಕಮೋ
ಒಲೆಯ ಬದಿಗೆ ಕೂತು ಒಂದು ಬುಟ್ಟಿ ಆಲೂಗಡ್ಡೆ
ಸುಲಿದುಕೊಟ್ಟಳು, ಮಾತಿಲ್ಲದೆ.
ಆಮೇಲೆ ರೊಸಾಲ್ಬಾ ತಾನೇ ಮುಖ ಎತ್ತಿ
ಕಣ್ಣು ಮುಚ್ಚಿದಳು,
ಚರ್ಚಿನಲ್ಲಿ ಪ್ರಸಾದಕ್ಕೆ ಬಾಯಿ ತೆರೆವ ಹಾಗೆ.

ಒಂದು ಜುಲೈಯಲ್ಲಿ ನನಗೂ ಹತ್ತಿತು.
ಮೂರು ರಾತ್ರಿ ಎದೆಯೊಳಗೆ ಯಾರೋ
ಹಳೆಯ ಎಂಜಿನ್ನಿನ ಹಗ್ಗ ಎಳೆಯುತ್ತಲೇ ಇದ್ದರು,
ಹೊತ್ತಿಕೊಳ್ಳಲಿಲ್ಲ.
ನನ್ನ ಕಡ್ಡಿಯನ್ನು ನಾನೇ ಕಡಲು ದಾಟಿಸಿದೆ.
ಉತ್ತರ ಬಂತು: ಇಲ್ಲ.
ಫ್ಲೂ ಅಲ್ಲ, ಬೇರೆ ಯಾವುದೋ ಪುಡಿ ನೆಗಡಿ.
"ಆಟಕ್ಕುಂಟು, ಲೆಕ್ಕಕ್ಕಿಲ್ಲ, ಅಲ್ಲವೆ ನಾನು?"
ಅಂದೆ, ಕೊಂಚ ಅವಮಾನವಾಗಿ.
ನಕ್ಕಳು. "ಲೆಕ್ಕ ನಿಂತಿರುವುದೇ ನಿಮ್ಮ ಮೇಲೆ,
ದೋನ್ ಎಲಿಯೊದೋರೊ.
ಹೌದು ಎಂದು ಬಂದವರಲ್ಲಿ ಸೂಜಿ ಚುಚ್ಚಿಸಿಕೊಂಡವರೆಷ್ಟು,
ಇಲ್ಲ ಎಂದು ಬಂದವರಲ್ಲಿ ಎಷ್ಟು,
ಅದೇ ಕೆಮ್ಮು, ಅದೇ ಬೆಂಚು, ಅದೇ ವಾರ.
ನೀವಿಲ್ಲದಿದ್ದರೆ ನನ್ನ ತಕ್ಕಡಿಗೆ ಒಂದೇ ತಟ್ಟೆ."
ಮನೆಗೆ ಬಂದು ಹೆಂಡತಿಗೆ ಹೇಳಿದೆ:
ನಾನೊಂದು ತಟ್ಟೆಯಂತೆ ಕಣೆ.
"ಹಾಗಾದರೆ ತೊಳೆದುಕೋ" ಅಂದಳು.

ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರಂತೆ ಆ ಮದ್ದನ್ನು.
ಬೆಳೆಯುತ್ತ ಬೆಳೆಯುತ್ತ ವೈರಸ್ಸು ಮೊಟ್ಟೆಗೇ ಒಗ್ಗಿಹೋಗಿ
ಮನುಷ್ಯರ ಗಂಟಲು ಕೊಂಚ ಮರೆಯುತ್ತದಂತೆ.
ಅಳತೆ ಕೊಟ್ಟು ಹೊಲಿಸಿದ ಕೋಟು
ಮದುವೆಯ ದಿನ ಭುಜಕ್ಕೆ ಬಿಗಿಯಾದ ಹಾಗೆ.
ಒಂದು ವರ್ಷ ನೂರಕ್ಕೆ ಅರವತ್ತು,
ಇನ್ನೊಂದು ವರ್ಷ ಮೂವತ್ತೂ ದಾಟದು.
"ಮೂವತ್ತಕ್ಕೆ ಯಾರು ತೋಳು ಒಡ್ಡುತ್ತಾರೆ?" ಅಂದೆ.
"ನಿಮ್ಮ ದೋಣಿಯಲ್ಲಿ ಲೈಫ್ ಜಾಕೆಟ್ ಎಷ್ಟಿವೆ?"
ಹನ್ನೆರಡು ಜನರ ದೋಣಿ. ನಾಲ್ಕಿದ್ದವು.
ನಾನು ನೀರಿನ ಕಡೆ ನೋಡಿದೆ.

ಆ ಆಗಸ್ಟಿನಲ್ಲಿ ಓನೋಫ್ರೆ ಸತ್ತ.
ಅಕಾರ್ಡಿಯನ್ ನುಡಿಸುತ್ತಿದ್ದವ, ಎಪ್ಪತ್ತೊಂಬತ್ತು.
ಏಪ್ರಿಲಿನಲ್ಲಿ ಎಲ್ಲರಿಗಿಂತ ಮೊದಲು ತೋಳು ಚಾಚಿ
"ನನ್ನ ನೋಡಿ ಉಳಿದವರು ಬರಲಿ" ಅಂದವ.
ಬಂದಿದ್ದರು ಕೂಡ.
ಅವನ ಉತ್ತರ: ಹೌದು.
ಹೆಣ ಕಾಯುವ ರಾತ್ರಿ ಮಗ ಅವಳನ್ನು ಒಳಗೆ ಬಿಡಲಿಲ್ಲ.
ಹೊರಗೆ, ಸೌದೆಯ ಮಾಡಿನ ಕೆಳಗೆ,
ಅವಳು ಪುಸ್ತಕ ತೆರೆದಳು. ಲಾಟೀನು ಹಿಡಿದವ ನಾನು.
ಸೂಜಿ ಆಗಿದೆ. ರೋಗ ಬಂದಿದೆ. ಒಂದು.
"ಹಾಗೆ ಬರೆದರೆ ನಿಮ್ಮ ಅಂಕಿ ಇಳಿಯುವುದಿಲ್ಲವೆ?"
"ಇಳಿಯುತ್ತದೆ."
ಚಳಿಗೆ ಪೆನ್ನಿನ ಶಾಯಿ ಕಟ್ಟಿಕೊಂಡಿತ್ತು.
ಬಾಯಲ್ಲಿಟ್ಟು ಬೆಚ್ಚಗೆ ಮಾಡಿ
ಆ ಒಂದನ್ನು ಮತ್ತೆ ತಿದ್ದಿದಳು, ಕಪ್ಪಗೆ ಕಾಣುವ ತನಕ.

ಸೆಪ್ಟೆಂಬರಿಗೆ ಅಂಕಿ ಹೊರಟಿತು: ನಲವತ್ತೊಂದು.
ಎಲ್ಲೋ ದೂರದ ಊರಿನಲ್ಲಿ ಮೇಜಿನ ಸುತ್ತ ಕೂತು
ಮುಂದಿನ ಚಳಿಗೆ ಯಾವ ವೈರಸ್ಸು ಬಂದೀತೆಂದು
ಊಹಿಸುತ್ತಾರಂತೆ.
ನಮ್ಮ ಗಂಟಲುಗಳೂ ಆ ಮೇಜಿನ ಮೇಲಿರುತ್ತವೆ ಎಂದಳು.
ನನ್ನದೂ? ನಿಮ್ಮದೂ.

ದಡದಲ್ಲಿ ರೊಸಾಲ್ಬಾ ಸಿಕ್ಕಿ ಗೊಣಗಿದಳು:
"ಚುಚ್ಚಿಸಿಕೊಂಡದ್ದು ದಂಡ ನೋಡು,
ಈ ವರ್ಷ ನನಗೆ ಒಂದು ಸೀನೂ ಬರಲಿಲ್ಲ."
ಹೇಳಲು ಏನೋ ಇತ್ತು. ಹೇಳಲಿಲ್ಲ,
ಅವಳ ಮೂಟೆ ಎತ್ತಿ ದೋಣಿಗಿಟ್ಟೆ.

ಜಾಕೆಟ್ಟುಗಳು ಈಗ ಏಳಾಗಿವೆ.
ಇನ್ನೂ ಐದು ಬೇಕು.