ವಿಷಯ: ಹನ್ನೊಂದು ಸೈಕಲ್ಲು

ಬಳ್ಳಾರಿ ಸಬ್‌ರಿಜಿಸ್ಟ್ರಾರ್ ಆಫೀಸಿನ ಬೇವಿನ ಕೆಳಗೆ
ಇಪ್ಪತ್ತಾರು ವರ್ಷ ನಾನು ಟೈಪಿಸಿದ್ದು ಬೇರೆಯವರ ಬೇಡಿಕೆ.
ಖಾತೆ ಬದಲಾವಣೆ, ಬೋರಿಗೆ ಕರೆಂಟು,
ಸತ್ತವನ ಹೆಸರು ತೆಗೆಯುವುದು, ಹುಟ್ಟಿದವಳ ಹೆಸರು ಸೇರಿಸುವುದು.
ಕೈ ತಾನಾಗಿ ಹೊಡೆಯುತ್ತದೆ:
ತಮ್ಮಲ್ಲಿ ಸವಿನಯವಾಗಿ ಬೇಡಿಕೊಳ್ಳುವುದೇನೆಂದರೆ.

ಮಾರೆಕ್ಕ ಬಂದದ್ದು ಒಂದು ಸೋಮವಾರ, ಹೆಲ್ಮೆಟ್ಟು ಕಂಕುಳಲ್ಲಿ.
ರಕ್ತನಿಧಿಯಲ್ಲಿ ಕೆಲಸ.
ತಿಂಗಳಿಗೆರಡು ಸಲ ರಕ್ತ ಏರಿಸಿಕೊಂಡು ಹೋಗುವ ಮಕ್ಕಳಿಗೆ
ಬೇರೆ ಕೋಣೆ ಬೇಕಂತೆ, ಆರು ಮಂಚ, ಒಂದು ಟೀವಿ.
ಅದಕ್ಕೆ ಹನ್ನೊಂದು ಮಂದಿ ತುಳಿಯುತ್ತಾರಂತೆ
ಸಿರುಗುಪ್ಪ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿಗೆ,
ಊರೂರಲ್ಲಿ ಡಬ್ಬಿ ಹಿಡಿದು.
ಡಬ್ಬಿಯ ದುಡ್ಡು ದಾರಿ ಖರ್ಚಿಗೆ ಮುಟ್ಟಬಾರದು.
‘ಅದನ್ನ ಅಂಗಡಿಯೋರು ಕೊಡ್ಲಿ. ಬರೀರಿ ಅಣ್ಣ, ನಲವತ್ಮೂರು ಪತ್ರ.
ಜೆರಾಕ್ಸ್ ಬ್ಯಾಡ. ಒಬ್ಬೊಬ್ಬರ ಹೆಸರು ಹಾಕಿ ಹೊಡೀರಿ.’
ದರ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

‘ಸವಿನಯವಾಗಿ’ ಹೊಡೆದೆ. ತೆಗೀರಿ ಅಂದಳು.
‘ಕೃಪೆ ತೋರಿ’, ಅದನ್ನೂ.
‘ಬಡ ಮಕ್ಕಳ ಕಣ್ಣೀರು’...
‘ಅವ್ರು ಎಲ್ಲಿ ಅಳ್ತಾರಣ್ಣ, ಸೂಜಿ ಹಾಕಿದ್ರ ನನಗ ಬೈತಾರ.
ಒಬ್ಬಾಂವ ಅಂತೂ ಪಾಕೀಟು ನೋಡಿ ಕೇಳ್ತಾನ, ಇದು ಯಾರದು?
ಸಿರುಗುಪ್ಪದೋರದಾದ್ರ ಬ್ಯಾಡ,
ಬರೇ ಅನ್ನ ಉಣ್ಣೋರು, ಶಕ್ತಿ ಇರಂಗಿಲ್ಲ.’
ಕೊನೆಗೆ ಆ ಹುಡುಗನ ಮಾತೊಂದನ್ನು ಹಾಗೇ ಉಳಿಸಿದಳು.
ತೆಗೆದು ತೆಗೆದು ಒಂಬತ್ತು ಸಾಲು.
ಜವಳ ತೆಗೆಸಿದ ಕೂಸಿನ ತಲೆಯಂತೆ ಹಾಳೆ.
ಇಷ್ಟಕ್ಕೆ ಯಾರು ಕಾಸು ಬಿಚ್ಚುತ್ತಾರೆ ಅಂದುಕೊಂಡೆ,
ಬಾಯಿ ಬಿಡಲಿಲ್ಲ.

ಬಂಕಿನ ಪಂಪಾಪತಿ ನಕ್ಕರಂತೆ:
ಸೈಕಲ್ಲಿನೋರು ನನ್ನತ್ರ ಯಾಕ್ರೀ? ಬೇಕಾದ್ರ ಗಾಳಿ ಹಾಕಿಸ್ಕೊಳ್ರಿ.
ಮಾರೆಕ್ಕ ಪಟ್ಟಿಯಲ್ಲಿ ಬರೆದುಕೊಂಡಳು:
ಗಾಳಿ, ಇಪ್ಪತ್ತೆರಡು ಗಾಲಿಗೆ, ಪುಕ್ಕಟೆ.
ಬಂಗಾರದಂಗಡಿಯವರು ಐದು ಸಾವಿರಕ್ಕೆ ಅಂಗಿಯ ಪೂರ್ತಿ ಬೆನ್ನು ಕೇಳಿದರು;
ಬ್ಯಾಟರಿ ಎರ್ರಿಸ್ವಾಮಿಗೂ ಬೆನ್ನೇ ಬೇಕು.
ಹೊಟ್ಟೆಯ ಕಡೆ ಯಾರೂ ಕೇಳಲಿಲ್ಲ.
ಮಿರ್ಚಿ ಹೊನ್ನೂರ್‌ಸಾಬ್ ಮಾತ್ರ ಪತ್ರ ಒಡೆಯದೆ
ಒಂದು ಚೀಲ ಮಂಡಾಳು ಕಟ್ಟಿಟ್ಟರು.
ಉಳಿದ ಕಡೆ,
ಸಾವ್ಕಾರ್ರು ಊಟಕ್ಕೆ ಹೋಗ್ಯಾರ. ನಾಳೆ ಬರ್ರಿ.
ನಾಳೆಯೂ ಊಟಕ್ಕೇ.

ಹದಿನೈದನೇ ದಿನ ಟಪಾಲಿನಲ್ಲಿ ಒಂದು ಲಕೋಟೆ,
ಮಾರೆಕ್ಕ ಓಡುತ್ತಲೇ ತಂದಳು.
ಕೌಲ್‌ಬಜಾರಿನಲ್ಲಿ ಜೀನ್ಸ್ ತೊಳೆಯುವವರದು, ಸಹಿ ತೆಲುಗಿನಲ್ಲಿ.

ಮಾನ್ಯರೇ,
ವಿಷಯ: ತಮ್ಮ ಸೈಕಲ್ಲು. ಉಲ್ಲೇಖ: ತಮ್ಮ ಪತ್ರ.
ಓದಿಸಿ ಕೇಳಿದೆ. ಮೂರೂವರೆ ಸಾವಿರ ಸಂತೋಷದಿಂದ ಕೊಡುತ್ತೇನೆ.
ಅಂಗಿಯ ಮೇಲೆ ಹೆಸರು ಬೇಡ, ಹಾಕಿದರೆ ಗಣಪತಿ ಚಂದಾದವರೂ ಬರುತ್ತಾರೆ.
ಸದರಿ ಹುಡುಗನಿಗೆ ಸವಿನಯವಾಗಿ ತಿಳಿಸುವುದೇನೆಂದರೆ
ನಾನು ಆದೋನಿ ಕಡೆಯವನು, ಜೋಳದ ರೊಟ್ಟಿ ಉಣ್ಣುವವನು.
ಬಿ ಪಾಸಿಟಿವ್.

ಮಾರೆಕ್ಕ ನಗುತ್ತಾ ಎರಡನೇ ಸಲ ಓದುತ್ತಿದ್ದಳು.
ನನ್ನ ಕಣ್ಣು ಸಂತೋಷದ ಷದ ಮೇಲೆ.
ಅದು ಅಚ್ಚಲ್ಲ, ನೀಲಿ ಪೆನ್ನಿನದು. ವಿಷಯದ್ದೂ ಹಾಗೇ.
ಮೂರು ವರ್ಷದಿಂದ ಷ ಮುರಿದುಕೊಂಡಿರುವ ಯಂತ್ರ
ಈ ಊರಲ್ಲಿ ನನಗೆ ಗೊತ್ತಿದ್ದದ್ದು ಒಂದೇ,
ಇದೇ ಬೇವಿನ ಕೆಳಗೆ, ನನ್ನ ಮೇಜಿನಿಂದ ನಾಲ್ಕಡಿ.

ತಿರುಗಿ ನೋಡಿದೆ. ಗಾದಿಲಿಂಗಪ್ಪ
ಯಾರದೋ ಖಾತೆ ಹೊಡೆಯುತ್ತಿದ್ದ, ತಲೆ ಎತ್ತಲಿಲ್ಲ.
‘ಎಷ್ಟು ತಗೊಂಡಿ ಅವರತ್ರ?’
‘ಮೂವತ್ತು.’
ಸಾಲು ಮುಗಿಸಿ, ಗಾಡಿ ಹಿಂದಕ್ಕೆಳೆದು,
‘ನೀನು?’

ನಾನು ರಿಬ್ಬನ್ ಬದಲಿಸುತ್ತಿದ್ದೆ.