ಬಂದೆ

ಶಿಡ್ಲಘಟ್ಟ, ಗೂಡಿನ ಮಾರುಕಟ್ಟೆ ಹಿಂದೆ,
ಬಿತ್ತನೆ ಬೀಜದಂಗಡಿಯ ಮಹಡಿಯಲ್ಲಿ
ಸಂಜೆ ಆರರಿಂದ ಏಳು ಇಂಗ್ಲಿಷು.
ಗೂಡು ಬೇಯುವ ವಾಸನೆ
ಕಿಟಕಿ ಮುಚ್ಚಿದರೂ ಒಳಗೇ ಕೂತು ಪಾಠ ಕೇಳುತ್ತದೆ.

ಫಿಲೋಮಿನಾ ಮಿಸ್ಸು, ಕೆಜಿಎಫ್ ಕಡೆಯವರು,
ಹಲಗೆ ತಟ್ಟಿ ಹೇಳಿದರು:
ನಾಳೆಯ ಮಾತಿಗೆ ಇವತ್ತಿನ ಕ್ರಿಯಾಪದವೇ ಸಾಕು,
ಆದರೆ ದಿನ ಗೊತ್ತಾಗಿರಬೇಕು,
ಮಾತು ಮುಗಿದಿರಬೇಕು, ಟಿಕೇಟು ಕೈಯಲ್ಲಿರಬೇಕು.
ಬರೀ ಆಸೆಗೆ ಅದು ಒದಗುವುದಿಲ್ಲ.

ರೈಲಿನದು ಇನ್ನೂ ಸಲೀಸು,
ಅದಕ್ಕೆ ಬಾಲಕ್ಕೊಂದು 'ಇಂಗ್' ಕೂಡ ಬೇಡ.
ನಾಳೆ ಏಳೂವರೆಗೆ ಹೊರಡುತ್ತದೆ, ಅಷ್ಟೆ.
ನಾನು ಕೇಳಿದೆ, ಮಿಸ್, ನಮ್ಮ ಹುಳಕ್ಕೆ?
ನಾಲ್ಕನೇ ಜ್ವರ ಎದ್ದ ಏಳು ದಿನಕ್ಕೆ ಹಣ್ಣಾಗುತ್ತವೆ,
ಎಂಟಕ್ಕೆ ಚಂದ್ರಂಕಿ ಹತ್ತುತ್ತವೆ,
ರೈಲಿಗಿಂತ ನಿಯತ್ತು.
ಹುಳಕ್ಕೂ ಅದೇ, ಎಂದು ನಕ್ಕರು.
ಹಿಂದಿನ ಬೆಂಚಿಂದ ರೀಲರ್ ಜಬೀನಾ:
"ಸೋಮವಾರ ದುಡ್ಡು ಕೊಡ್ತೀನಿ ಅಂತಾನಲ್ಲ ಸೇಟು,
ಅದು ಯಾವುದು?"
ಅದು ಮುಂದಿನ ಪಾಠ.

ನಮ್ಮಲ್ಲಿ ಇಷ್ಟು ಲೆಕ್ಕ ಇಟ್ಟವರಿಲ್ಲ.
ಅತ್ತೆ ಕೂಗಿದರೆ "ಬಂದೆ" ಅನ್ನುತ್ತೇನೆ,
ಕೈ ಇನ್ನೂ ಸೊಪ್ಪಿನ ಮಂಕರಿಯಲ್ಲೇ.
ಬರದೇ ಬಂದಾಯಿತು.
ಹೊಸಿಲು ದಾಟುವವರು "ಬರ್ತೀನಿ" ಅನ್ನುತ್ತಾರೆ,
ಚಪ್ಪಲಿಯ ಮೂತಿ ಬೀದಿ ಕಡೆಗೆ.
ಹೋಗ್ತೀನಿ ಅಂದವರನ್ನು ಅತ್ತೆ
ಒಳಗೆ ಕರೆದು, ನೀರು ಕೊಟ್ಟು,
ಮತ್ತೆ ಸರಿಯಾಗಿ ಹೇಳಿಸಿ ಕಳಿಸುತ್ತಾರೆ.

ಬುಧವಾರ ಮಿಸ್ಸು ಉದಾಹರಣೆ ಕೊಟ್ಟರು:
ಐ ಯಾಮ್ ಲೀವಿಂಗ್ ಆನ್ ಫ್ರೈಡೇ.
ಎರಡೆರಡು ಸಲ ಬರೆದುಕೊಂಡೆವು.
ನನ್ನ ಲೀವಿಂಗು ಲಿವಿಂಗ್ ಆಗಿತ್ತಂತೆ,
ಕೆಂಪು ಪೆನ್ನಲ್ಲಿ ತಿದ್ದಿದರು,
ತಿದ್ದಿ ಸ್ವಲ್ಪ ಹೊತ್ತು ಪುಸ್ತಕ ಹಿಡಿದೇ ನಿಂತಿದ್ದರು.
ಮೆಟ್ಟಿಲು ಇಳಿಯುವಾಗ ಕನ್ನಡದಲ್ಲಿ,
ಬರ್ತೀನಿ ಕಣ್ರಮ್ಮಾ.

ಶನಿವಾರ ಹೋದರೆ ಬೀಗ.
ಅಂಗಡಿ ಸುಬ್ಬರಾಯಪ್ಪ ಟೊಮೆಟೊ ಬೀಜ ತೂಗುತ್ತಲೇ,
"ನಿನ್ನೆ ಹೊರಟರಲ್ಲ, ನಿಮಗೆ ಹೇಳಲಿಲ್ವಾ?"

ಹೇಳಿದ್ದರು.
ಜಬೀನಾ ಅಲ್ಲೇ ನೋಟ್ಸು ಬಿಚ್ಚಿ ತೋರಿಸಿದಳು.
ಅವಳದರಲ್ಲಿ ಕೆಂಪು ಗೀಟು ಒಂದೂ ಇರಲಿಲ್ಲ.

ಮನೆಗೆ ಬಂದೆ. ಹುಳು ಜ್ವರಕ್ಕೆ ಕೂತಿದ್ದವು,
ತಲೆಯೆತ್ತಿಕೊಂಡು, ಸೊಪ್ಪು ಮುಟ್ಟದೆ.
ತಟ್ಟೆ ತಟ್ಟೆ ನೋಡುತ್ತ ನಿಂತಿದ್ದೆ.
ಅತ್ತೆ ಒಳಗಿಂದ ಕೂಗಿದರು.
"ಬಂದೆ" ಅಂದೆ.