ಬೈತಖೋಲದ ಐಸಿನ ವಹಿ

ಹತ್ತೊಂಬತ್ತು ವರ್ಷದಿಂದ ಐಸು ಬರೆಯುತ್ತಿದ್ದೇನೆ.
ಒಂದು ಲಾದಿ, ಐವತ್ತು ಕಿಲೋ. ದೋಣಿಯ ಹೆಸರು,
ತಾಂಡೇಲನ ಸಹಿ, ಬಾಕಿಯಿದ್ದರೆ ಕೆಂಪು ಶಾಯಿ.
ಬೆನ್ನಿಗೆ ಗುಡ್ಡ, ಎದುರಿಗೆ ಬಂದರು,
ಮೂಗಿನಲ್ಲಿ ಸದಾ ಅಮೋನಿಯಾ.
ಹೆಂಡತಿ ಅನ್ನುತ್ತಾಳೆ: ಬೇರೆಯವರ ಗಂಡಂದಿರು
ಮೀನು ನಾರುತ್ತಾರೆ,
ನೀವು ನಾರುವುದು ಯಾವುದೆಂದೇ ತಿಳಿಯುವುದಿಲ್ಲ.

ಧ್ರುವದ ಸುದ್ದಿ ತಂದವಳು ಮಗಳು, ಪ್ರಣಾಲಿ.
ಶಾಲೆಯಲ್ಲಿ ಪ್ರದರ್ಶನವಂತೆ.
ಅಪ್ಪಾ, ಎರಡು ತುಂಡು ತಾ, ಒಂದೇ ತೂಕದ್ದು.
ನನ್ನ ಹಳೆ ಬಿಳಿ ಪಂಚೆಯ ಮೇಲೆ ಒಂದನ್ನಿಟ್ಟಳು,
ಬಂಗಡೆ ಒಣಗಿಸುವ ಕರಿ ತಾಡಪತ್ರಿಯ ಮೇಲೆ ಇನ್ನೊಂದು.
ಹತ್ತೂವರೆಯ ಬಿಸಿಲು. ಕುಳಿತು ಕಾದೆವು.
ಕರಿಯದರ ಮೇಲಿನದು ಮೊದಲು ಹೋಯಿತು.
ಬಿಳಿ ಬಿಸಿಲನ್ನು ಬಾಗಿಲಿಂದಲೇ ಕಳಿಸುತ್ತದೆ ಅಪ್ಪಾ,
ಕರಿ ಒಳಗೆ ಕರೆದು ಕೂರಿಸುತ್ತದೆ.
ಅಲ್ಲಿ ಬಿಳಿ ಕಮ್ಮಿಯಾದ ಹಾಗೆ
ಸಮುದ್ರವೇ ತಾಡಪತ್ರಿ.

ಆ ಎರಡು ತುಂಡನ್ನು ನಾನು ವಹಿಗೆ ಹಾಕಲಿಲ್ಲ.

ಆಮೇಲೆ ಲೋಟ. ಮುರುಗಲು ಶರಬತ್ತು ಕಂಠಮಟ್ಟ,
ಮೇಲೆ ತೇಲುವ ಐಸು. ಕರಗಿತು.
ಒಂದು ಹನಿಯೂ ಚೆಲ್ಲಲಿಲ್ಲ.
ನೋಡು, ತೇಲುವುದು ಕರಗಿದರೆ ನೀರು ಏರುವುದಿಲ್ಲ.
ಹಾಗಾದರೆ ಹಾರವಾಡದಲ್ಲಿ
ನಿನ್ನ ಅಜ್ಜಿಯ ಬಾವಿಗೆ ಉಪ್ಪು ಹೇಗೆ ಬಂತು?
ಉಗುರು ಕಚ್ಚಿದಳು. ಪುಸ್ತಕ ತೆಗೆದಳು, ಮುಚ್ಚಿದಳು.
ರಾತ್ರಿ ಊಟದ ನಡುವೆ, ತಲೆಯೆತ್ತದೆ:
ತೇಲುವುದು ಕಾವಲಿನ ಐಸು.
ಅದು ಹೋದರೆ ಬಿಸಿ ಒಳಗೆ ನುಗ್ಗಿ
ನೆಲದ ಮೇಲಿನ ಐಸನ್ನು ಮುಟ್ಟುತ್ತದೆ.
ಅದು ಲೋಟದಲ್ಲಿ ಇದ್ದದ್ದಲ್ಲ ಅಪ್ಪಾ,
ಹೊರಗಿಂದ ಬಂದು ಬೀಳುವುದು.

ಅನ್ನ ಕಲಸುತ್ತ ಕೂತೆ.
ಉಪ್ಪು ಸಾಕೇ, ಹೆಂಡತಿ ಕೇಳಿದಳು.

ಸಮುದ್ರ ತಾನೇ ಹೆಪ್ಪುಗಟ್ಟುವಾಗ
ಉಪ್ಪನ್ನು ಹೊರಗೆ ದಬ್ಬುತ್ತದಂತೆ.
ವರ್ಷಗಟ್ಟಲೆ ಹಳತಾದ ಐಸು ಕರಗಿಸಿದರೆ ಕುಡಿಯಬಹುದಂತೆ.
ಸಾಣಿಕಟ್ಟೆಯ ಆಗರದಲ್ಲಿ ಬಿಸಿಲು
ನೀರನ್ನೊಯ್ದು ಉಪ್ಪು ಬಿಟ್ಟುಹೋಗುತ್ತದೆ;
ಅಲ್ಲಿ ಚಳಿ ನೀರನ್ನಿಟ್ಟುಕೊಂಡು
ಉಪ್ಪನ್ನು ಕಳಿಸಿಕೊಡುತ್ತದೆ.
ನಮ್ಮ ಫ್ಯಾಕ್ಟರಿಯಲ್ಲಿ ಎರಡೂ ಅಲ್ಲ:
ಉಪ್ಪುನೀರಿನ ತೊಟ್ಟಿಯಲ್ಲಿ ಡಬ್ಬಿ ಮುಳುಗಿಸಿ
ಬೋರಿನ ನೀರಿಗೆ ನಡುಕ ಹಿಡಿಸುತ್ತೇವೆ.

ಮೆಕ್ಯಾನಿಕ್ ಇನಾಸ್ ಒಮ್ಮೆ, ಪಾನಾ ಒರೆಸುತ್ತ:
ತಂಪು ಅಂತ ನಾವು ಏನೂ ಮಾಡುವುದಿಲ್ಲ ಮಾರಾಯಾ,
ಇಲ್ಲಿನ ಬಿಸಿಯನ್ನು ಗೋಡೆಯಾಚೆ ದಾಟಿಸುತ್ತೇವೆ, ಅಷ್ಟೆ.
ನಿಜ. ಹಿಂಬದಿಯ ಕೊಳವೆಗಳ ಹತ್ತಿರ
ಮಳೆಗಾಲದಲ್ಲಿ ನಾಯಿಗಳು ಮಲಗುತ್ತವೆ.
ಕರೆಂಟು ಹೋದರೆ ಡೀಸೆಲ್ಲು ಗುಡುಗುತ್ತದೆ,
ಹೊಗೆ ಗುಡ್ಡ ಹತ್ತುತ್ತದೆ.
ಎಲ್ಲಿಗೆ ಎಂದು ಈವರೆಗೆ ಕೇಳಿರಲಿಲ್ಲ.

ಹಳೆ ವಹಿ ತೆಗೆದೆ. ಗೆದ್ದಲು ಒಂದು ಮೂಲೆ ತಿಂದಿದೆ.
'ಸಾತೇರಿ ಕೃಪಾ', ಮೂವತ್ತೆಂಟು ಲಾದಿ, ಎರಡು ರಾತ್ರಿ.
ಅದೇ ದೋಣಿ, ಹೋದ ವಾರ:
ತೊಂಬತ್ತು ಲಾದಿ, ಆರು ರಾತ್ರಿ,
ಬಂದದ್ದು ಹದಿನೇಳು ಬುಟ್ಟಿ.
ಉಲ್ಲಾಸ ತಾಂಡೇಲ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಹೇಳುತ್ತಾನೆ:
ನೀರು ಬಚ್ಚಲಿನ ಹಂಡೆಯ ಹಾಗಿದೆ, ತಾರ್ಲಿ ಎಲ್ಲಿ ನಿಲ್ಲುತ್ತದೆ?
ನಿನ್ನ ಐಸು ಮೂರನೇ ರಾತ್ರಿಗೆ ಅರ್ಧ.
ನಾನೇ ಕರಗಿಸಿದ ಹಾಗೆ ನೋಡುತ್ತಾನೆ.
ಧ್ರುವದ ಮಾತು ಅವನ ಮುಂದೆ ಎತ್ತಲಿಲ್ಲ.
ಹೇಳಿದರೆ ನಗುತ್ತಿದ್ದ:
ಅಲ್ಲಿಗೂ ನಿಮ್ಮ ಸಾವ್ಕಾರನೇ ಸಪ್ಲೈ ಮಾಡಲಿ.

ಒಂದೊಂದು ಸಲ ಲಾದಿಯನ್ನು ಬೆಳಕಿಗೆ ಹಿಡಿಯುತ್ತೇನೆ.
ಅಂಚು ಗಾಜು. ನಡುವೆ ಬೆಳ್ಳಗೆ,
ಹೊರಗೆ ಬರಲಾಗದೆ ಸಿಕ್ಕಿಕೊಂಡ ಗಾಳಿ.
ನಾನು ನೋಡದ ಆ ಬಿಳಿಯ ಬಗ್ಗೆ
ನನಗೆ ಗೊತ್ತಿರುವುದು ಇಷ್ಟೇ, ಮೊಳದಗಲ.

ಬೆಳಗಿನ ಐದಕ್ಕೆ ಗುಲಾಬಿ ಹರಿಕಂತ್ರ ಬಂದಳು.
ಅರ್ಧ ಲಾದಿ, ಉದ್ರಿ.
ಕೆಂಪು ಶಾಯಿಯಲ್ಲಿ ಬರೆದೆ.
ಬುಟ್ಟಿಗೆ ಮುಚ್ಚಲು ಕರಿ ಪ್ಲಾಸ್ಟಿಕ್ಕು ಹುಡುಕುತ್ತಿದ್ದಳು,
ಮೊಳೆಗೆ ನೇತುಹಾಕಿದ್ದ ಬಿಳಿ ಪಂಚೆ ಕೊಟ್ಟೆ.
ಇದೇನು, ಹೆಣಕ್ಕೆ ಹೊದೆಸಿದ ಹಾಗೆ, ಅಂದಳು.
ಹೊದೆಸಿಕೊಂಡೇ ಹೋದಳು.

ತೊಟ್ಟಿಕ್ಕಿದ ಹನಿಗಳ ಸಾಲು
ಹೆದ್ದಾರಿಯ ತಿರುವಿನವರೆಗೆ ಕಾಣುತ್ತಿತ್ತು.
ಒಳಗೆ ಬಂದು ಪೆನ್ನಿನ ಮುಚ್ಚಳ ಹಾಕಿ
ಮತ್ತೆ ಹೊರಗೆ ನೋಡುವಷ್ಟರಲ್ಲಿ
ಡಾಂಬರು ಒಣಗಿತ್ತು.